‘ರೋಗಾಣುವಿಗೂ ಕಬ್ಬಿಣ ಬೇಕಮ್ಮಾ’: ಡಾಕ್ಟರ್ ಹೇಳಿದ್ದು ತಮಾಷೆಗಲ್ಲ

ಪ್ರಶ್ನೆ: ನನಗೆ 36 ವರ್ಷ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಿ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿದೆ. ಐರನ್ ಡ್ರಿಪ್ ಹಾಕಿಸಲು ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಚಳಿಜ್ವರ ಶುರುವಾಯಿತು. ಯೂರಿನ್ ಇನ್‌ಫೆಕ್ಷನ್ ಕಿಡ್ನಿವರೆಗೂ ಹೋಗಿದೆ ಎಂದರು. ಡಾಕ್ಟರ್ ಡ್ರಿಪ್ ಮುಂದೂಡಿ, ‘ಮೊದಲು ಇನ್‌ಫೆಕ್ಷನ್ ಹೋಗಲಿ, ರೋಗಾಣುವಿಗೂ ಕಬ್ಬಿಣ ಬೇಕಮ್ಮಾ’ ಎಂದು ನಕ್ಕರು. ಅದು ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ರಕ್ತದಲ್ಲಿರುವ ಕಬ್ಬಿಣ ಬ್ಯಾಕ್ಟೀರಿಯಾಗೆ ಹೇಗೆ ಸಿಗುತ್ತದೆ? ನಮ್ಮತ್ತೆಯಂತೂ ಈಗ ನುಗ್ಗೆಸೊಪ್ಪೂ ಬೇಡ ಎನ್ನುತ್ತಿದ್ದಾರೆ. ರಿಪೋರ್ಟಿನಲ್ಲಿ ಫೆರಿಟಿನ್ ಮಾತ್ರ ಜಾಸ್ತಿ ಬಂದಿದೆ, ಅದೂ ಅರ್ಥವಾಗಲಿಲ್ಲ.

ಉತ್ತರ: ನಿಮ್ಮ ಡಾಕ್ಟರ್ ನಕ್ಕಿರಬಹುದು, ಆದರೆ ಹೇಳಿದ್ದು ನಿಜ. ನಾನು ಮೈಕ್ರೋಬಯಾಲಜಿ ಲ್ಯಾಬಿನವನು. ದಿನವಿಡೀ ನೋಡುವುದು ಇಂಥ ರೋಗಾಣುಗಳನ್ನೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನುಗ್ಗೆಸೊಪ್ಪಿನ ವಿಷಯ ಕೊನೆಯಲ್ಲಿದೆ. ಅವಸರವಿದ್ದರೆ ಅದನ್ನೇ ಮೊದಲು ಓದಿ.

ಬ್ಯಾಕ್ಟೀರಿಯಾಗೆ ಕಬ್ಬಿಣ ಯಾಕೆ? ನಮಗೆ ಬೇಕಾದ ಕಾರಣಕ್ಕೇ. ಆಹಾರದಿಂದ ಶಕ್ತಿ ತೆಗೆಯಲು ಬೇಕು, ಎರಡಾಗಿ ಒಡೆಯುವಾಗ ಹೊಸ ಡಿಎನ್‌ಎ ಕಟ್ಟಲು ಬೇಕು. ನಿಮ್ಮ ಸೋಂಕಿಗೆ ಕಾರಣವಾಗಿರುವುದು ಹೆಚ್ಚಾಗಿ ಇ. ಕೋಲೈ ಇರಬೇಕು. ಮೂತ್ರದ ಸೋಂಕುಗಳಲ್ಲಿ ಬಹುಪಾಲು ಅದರದ್ದೇ. ಅದರ ಒಂದೊಂದು ಕೋಶಕ್ಕೂ ಲಕ್ಷಗಟ್ಟಲೆ ಕಬ್ಬಿಣದ ಪರಮಾಣುಗಳು ಬೇಕು. ಲ್ಯಾಬಿನಲ್ಲಿ ಒಳ್ಳೆಯ ಊಟ ಹಾಕಿದರೆ 20 ನಿಮಿಷಕ್ಕೊಮ್ಮೆ ಎರಡಾಗುವ ಜೀವಿ ಅದು. ಅಂದರೆ 20 ನಿಮಿಷಕ್ಕೊಮ್ಮೆ ಮತ್ತೊಂದು ಪಾಲು ಕಬ್ಬಿಣ ಹೊಂದಿಸಬೇಕು.

ಹೊಂದಿಸಲು ನಮ್ಮ ರಕ್ತಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಅನಿಸುತ್ತದೆ, ಅಲ್ವಾ? ದೊಡ್ಡವರ ಮೈಯಲ್ಲಿ 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಮೂರನೇ ಎರಡು ಪಾಲು ಇರುವುದು ರಕ್ತದ ಹಿಮೋಗ್ಲೋಬಿನ್‌ನಲ್ಲೇ. ಆದರೆ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾದ ಪಾಡು ‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಅನ್ನುತ್ತೇವಲ್ಲ, ಹಾಗೆ. ಕಬ್ಬಿಣ ಸುತ್ತ ಇದೆ, ಬಿಡಿಯಾಗಿ ಒಂದು ಚೂರೂ ಇಲ್ಲ. ಹಿಮೋಗ್ಲೋಬಿನ್ ಕೆಂಪು ಕಣದೊಳಗೆ ಭದ್ರವಾಗಿರುತ್ತದೆ. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ನೀರಿನ ಭಾಗದಲ್ಲಿ, ಓಡಾಡುವ 3–4 ಮಿಲಿಗ್ರಾಂ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಹಿಡಿದುಕೊಂಡಿರುತ್ತದೆ. ಒಂದು ಟ್ರಾನ್ಸ್‌ಫೆರಿನ್‌ಗೆ ಎರಡು ಸೀಟು. ಮಾಮೂಲಾಗಿ ಇಂಥ ಸೀಟುಗಳಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿರುತ್ತದೆ. ಹಾಗಾಗಿ ಎಲ್ಲಾದರೂ ಒಂದು ಬಿಡಿ ಕಣ ಕಂಡರೆ ಹಿಡಿಯಲು ಖಾಲಿ ಕೈಗಳು ಕಾದಿರುತ್ತವೆ. ಈ ಹಿಡಿತದ ಬಿಗಿಯನ್ನು ಲೆಕ್ಕ ಹಾಕಿದರೆ, ಆರೋಗ್ಯವಂತರ ಒಂದು ಲೀಟರ್ ಪ್ಲಾಸ್ಮಾದಲ್ಲಿ ಬಿಡಿ ಕಬ್ಬಿಣದ ಒಂದು ಕಣ ಕೂಡ ಇರುವುದು ಕಷ್ಟ. ಲಕ್ಷಗಟ್ಟಲೆ ಬೇಕಾದವನಿಗೆ ಲೀಟರ್‌ಗೆ ಒಂದೂ ಇಲ್ಲ!

ಇದು ರೋಗಾಣುವಿಗೆ ಹೆದರಿ ಮಾಡಿದ ಏರ್ಪಾಡು ಮಾತ್ರ ಅಲ್ಲ. ಬಿಡಿ ಕಬ್ಬಿಣ ನಮ್ಮ ಕೋಶಗಳನ್ನೂ ಸುಡುತ್ತದೆ, ಅದಕ್ಕೂ ಬಚ್ಚಿಡಬೇಕು. ಆದರೆ ಈ ಬಚ್ಚಿಡುವಿಕೆಯೇ ರೋಗಾಣುವಿಗೆ ತಡೆ ಎನ್ನುವುದು ಗೊತ್ತಾಗಿದ್ದು ಮೊಟ್ಟೆಯಿಂದ. 1944ರಲ್ಲಿ ಆರ್ಥರ್ ಷೇಡ್ ಮತ್ತು ಲಿಯೋನಾ ಕ್ಯಾರೊಲಿನ್ ಮೊಟ್ಟೆಯ ಬಿಳಿಯಲ್ಲಿ ಆಮಶಂಕೆಯ ರೋಗಾಣು ಯಾಕೆ ಬೆಳೆಯುವುದಿಲ್ಲ ಎಂದು ನೋಡುತ್ತಿದ್ದರು. ಒಂದೊಂದೇ ಪೋಷಕಾಂಶ ಸೇರಿಸುತ್ತ ಹೋದರು. ಯಾವುದಕ್ಕೂ ಜಗ್ಗಲಿಲ್ಲ. ಕಬ್ಬಿಣ ಹಾಕಿದ್ದೇ ತಡ, ರೋಗಾಣು ಬೆಳೆಯಿತು. ಎರಡು ವರ್ಷದ ಮೇಲೆ ಮನುಷ್ಯನ ರಕ್ತದಲ್ಲೂ ಅಂಥದ್ದೇ ಪ್ರೋಟೀನ್ ಇದೆ ಎಂದು ತೋರಿಸಿದರು. ಅದೇ ಟ್ರಾನ್ಸ್‌ಫೆರಿನ್.

ಈಗ ಕಳ್ಳತನಕ್ಕೆ ಬರೋಣ. ದಾರಿ ಮುಖ್ಯವಾಗಿ ಮೂರು. ನಿಮ್ಮ ಇ. ಕೋಲೈಯದು ಮೊದಲನೆಯದು.

ಅದು ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ಮಾಡಿ ಹೊರಗೆ ಬಿಡುತ್ತದೆ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕಬ್ಬಿಣ ಹೊರುವವ. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಪಾತಾಳಗರಡಿ ಇಳಿಬಿಡುತ್ತಿದ್ದರಲ್ಲ, ಸುಮಾರು ಹಾಗೆಯೇ. ವ್ಯತ್ಯಾಸ ಇಷ್ಟೇ: ಇದಕ್ಕೆ ಹಗ್ಗ ಇಲ್ಲ. ಬಿಟ್ಟ ಮೇಲೆ ತೇಲಿಕೊಂಡು ಹೋಗುತ್ತದೆ, ಅದೃಷ್ಟವಿದ್ದರೆ ವಾಪಸ್ ಬರುತ್ತದೆ. ಇ. ಕೋಲೈಯ ಸಿಡೆರೋಫೋರ್‌ನ ಹೆಸರು ಎಂಟೆರೋಬ್ಯಾಕ್ಟಿನ್. 1970ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು. ಟ್ರಾನ್ಸ್‌ಫೆರಿನ್‌ನ ಪಕ್ಕ ಇಟ್ಟರೆ ತೂಕದಲ್ಲಿ ನೂರರಲ್ಲಿ ಒಂದು ಭಾಗವೂ ಇಲ್ಲ. ಆದರೆ ಮೂರು ತೋಳಿನಿಂದ ಕಬ್ಬಿಣವನ್ನು ತಬ್ಬಿತೆಂದರೆ ಟ್ರಾನ್ಸ್‌ಫೆರಿನ್ ಸೋಲಲೇಬೇಕು. ಕಬ್ಬಿಣಕ್ಕೆ ಅಂಟುವ ಅಣುಗಳಲ್ಲಿ ಇಷ್ಟು ಬಿಗಿಯಾದವು ತೀರಾ ಕಡಿಮೆ.

ಕಬ್ಬಿಣ ಹೊತ್ತ ಅಣು ವಾಪಸ್ ಬಂದಾಗ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಅದಕ್ಕೆಂದೇ ಒಂದು ಬಾಗಿಲಿದೆ. ಒಳಗೆ ಹೋದ ಮೇಲೆ ಇನ್ನೊಂದು ಸಮಸ್ಯೆ. ಹಿಡಿತ ಎಷ್ಟು ಬಿಗಿ ಎಂದರೆ ಬ್ಯಾಕ್ಟೀರಿಯಾಗೇ ಬಿಡಿಸಲು ಆಗುವುದಿಲ್ಲ. ಹಾಗಾಗಿ ಒಂದು ಕಿಣ್ವ ಬಂದು ಎಂಟೆರೋಬ್ಯಾಕ್ಟಿನ್ ಅನ್ನೇ ತುಂಡು ಮಾಡುತ್ತದೆ. ಕಬ್ಬಿಣ ಉಳಿಯಿತು, ಪಾತಾಳಗರಡಿ ಹೋಯಿತು. ಪ್ರತಿ ಸಲವೂ ಹೊಸದು ಮಾಡಬೇಕು. ಇಷ್ಟು ದುಬಾರಿ ವ್ಯವಹಾರಕ್ಕೆ ಕೈ ಹಾಕಿದೆ ಎಂದರೆ ಕಬ್ಬಿಣದ ಬರ ಎಷ್ಟಿರಬೇಕು ನೋಡಿ.

ಇದನ್ನು ಕಣ್ಣಿಂದ ನೋಡಬಹುದು. 1987ರಿಂದ ಬಳಕೆಯಲ್ಲಿರುವ ಒಂದು ಪರೀಕ್ಷೆ ಇದೆ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಗೆ ಕಬ್ಬಿಣ ಕಟ್ಟಿಕೊಂಡ ಒಂದು ಬಣ್ಣ ಬೆರೆಸುತ್ತೇವೆ. ತಟ್ಟೆ ಪೂರ್ತಿ ನೀಲಿ, ಸ್ವಲ್ಪ ಹಸಿರು ಕಡೆಗೆ. ಮಧ್ಯೆ ಬ್ಯಾಕ್ಟೀರಿಯಾದ ಒಂದು ಚುಕ್ಕೆ ಇಟ್ಟು ರಾತ್ರಿ ಇನ್‌ಕ್ಯುಬೇಟರ್‌ನಲ್ಲಿ ಬಿಟ್ಟರೆ, ಬೆಳಿಗ್ಗೆ ಚುಕ್ಕೆಯ ಸುತ್ತ ಕಿತ್ತಳೆ ಬಣ್ಣದ ಉಂಗುರ ಎದ್ದಿರುತ್ತದೆ. ಬ್ಯಾಕ್ಟೀರಿಯಾ ಕೂತಲ್ಲೇ ಕೂತಿದೆ. ಅದರ ಸಿಡೆರೋಫೋರ್‌ಗಳು ಹರಡಿ, ಬಣ್ಣದ ಕೈಯಿಂದ ಕಬ್ಬಿಣ ಕಿತ್ತುಕೊಂಡಿವೆ. ಉಂಗುರ ಎಷ್ಟು ಅಗಲವೋ ಅಷ್ಟು ದೂರ ಕಳ್ಳತನ ನಡೆದಿದೆ. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದೇ ಈ ತಟ್ಟೆಯನ್ನು. ನೀಲಿಯಿಂದ ಕಿತ್ತಳೆ ಆಗಿದ್ದನ್ನು ನೋಡಿದವರು ಮರೆಯುವುದಿಲ್ಲ.

ದೇಹ ಸುಮ್ನೆ ಕೂರುತ್ತದೆಯೇ? ಇಲ್ಲ. ನಮ್ಮ ಬಿಳಿ ರಕ್ತಕಣಗಳು ಲಿಪೋಕ್ಯಾಲಿನ್ ಎಂಬ ಪ್ರೋಟೀನ್ ಬಿಡುತ್ತವೆ. ಅದರ ಕೆಲಸ ಕಬ್ಬಿಣ ಹೊತ್ತು ಹೊರಟ ಎಂಟೆರೋಬ್ಯಾಕ್ಟಿನ್ ಅನ್ನು ದಾರಿಯಲ್ಲೇ ಹಿಡಿದುಹಾಕುವುದು. 2002ರ ಹೊತ್ತಿಗೆ ಇದು ಸ್ಪಷ್ಟವಾಯಿತು. ‘ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ’ ಎಂಬಂತೆ ಕೆಲವು ರೋಗಾಣುಗಳು ಇದಕ್ಕೂ ಉಪಾಯ ಕಂಡುಕೊಂಡಿವೆ. ಎಂಟೆರೋಬ್ಯಾಕ್ಟಿನ್‌ಗೆ ಸಕ್ಕರೆಯ ತುಣುಕು ಅಂಟಿಸುತ್ತವೆ. ಈಗ ಅದು ಲಿಪೋಕ್ಯಾಲಿನ್‌ನ ಹಿಡಿತಕ್ಕೆ ಹೊಂದುವುದಿಲ್ಲ, ಜಾರಿಕೊಳ್ಳುತ್ತದೆ. ಟೈಫಾಯ್ಡ್ ರೋಗಾಣುವಿನ ಜಾತಿಯಾದ ಸಾಲ್ಮೊನೆಲ್ಲಾದಲ್ಲಿ ಇದು ಇದೆ. ಮೂತ್ರದ ಸೋಂಕು ತರುವ ಎಷ್ಟೋ ಇ. ಕೋಲೈ ತಳಿಗಳಲ್ಲೂ ಇದೆ. ಜೊತೆಗೆ ಅವು ಇನ್ನೂ ಎರಡು ಮೂರು ಬಗೆಯ ಸಿಡೆರೋಫೋರ್ ಇಟ್ಟುಕೊಂಡಿರುತ್ತವೆ. ಒಂದು ಸಿಕ್ಕಿಬಿದ್ದರೆ ಇನ್ನೊಂದು. ಸೋಂಕಿದ್ದ ಹೆಂಗಸರ ಮೂತ್ರದಿಂದ ಇ. ಕೋಲೈಯನ್ನು ನೇರವಾಗಿ ತೆಗೆದು, ಬೆಳೆಸದೆ ಹಾಗೆಯೇ ನೋಡಿದ ಅಧ್ಯಯನವೊಂದು 2010ರಲ್ಲಿ ಬಂತು. ಕಬ್ಬಿಣ ಹಿಡಿಯುವ ಜೀನ್‌ಗಳು ಅದರಲ್ಲಿ ಜೋರಾಗಿ ಕೆಲಸ ಮಾಡುತ್ತಿದ್ದವು. ನಿಮ್ಮ ಮೈಯಲ್ಲಿ ಕಳೆದ ವಾರ ನಡೆದಿದ್ದೂ ಇದೇ ಇರಬೇಕು.

ಎರಡನೆಯ ದಾರಿ ನೇರ. ಸಿಡೆರೋಫೋರ್ ಗೊಡವೆಯೇ ಬೇಡ, ಟ್ರಾನ್ಸ್‌ಫೆರಿನ್ ಅನ್ನೇ ಹಿಡಿದುಬಿಡುವುದು. ಮೆದುಳಿನ ಪೊರೆಗೆ ಜ್ವರ ತರುವ ಮೆನಿಂಗೋಕಾಕಸ್ ಈ ಜಾತಿ. ಅದರ ಮೈಮೇಲೆ ಎರಡು ಪ್ರೋಟೀನ್‌ಗಳಿವೆ. ಒಂದು ಕಬ್ಬಿಣ ತುಂಬಿದ ಟ್ರಾನ್ಸ್‌ಫೆರಿನ್ ಅನ್ನು ಹುಡುಕಿ ಹಿಡಿದುಕೊಡುತ್ತದೆ, ಇನ್ನೊಂದು ಅದನ್ನು ಬಾಗಿಸಿ ಕಬ್ಬಿಣ ಉದುರಿಸಿಕೊಳ್ಳುತ್ತದೆ. ಆಮೇಲೆ ಖಾಲಿ ಟ್ರಾನ್ಸ್‌ಫೆರಿನ್ ಅನ್ನು ಬಿಟ್ಟುಬಿಡುತ್ತದೆ. ಸ್ವಾರಸ್ಯ ಏನೆಂದರೆ ಈ ಕೊಕ್ಕೆ ಮನುಷ್ಯರ ಟ್ರಾನ್ಸ್‌ಫೆರಿನ್‌ಗೆ ಮಾತ್ರ ಹೊಂದುತ್ತದೆ. ಇಲಿಯದು ಆಗುವುದಿಲ್ಲ. 2014ರಲ್ಲಿ ಕೋತಿ, ಚಿಂಪಾಂಜಿಯಂಥ ವಾನರ, ಮನುಷ್ಯರ ಟ್ರಾನ್ಸ್‌ಫೆರಿನ್ ಹೋಲಿಸಿ ನೋಡಿದರು. ಸುಮಾರು 4 ಕೋಟಿ ವರ್ಷಗಳಲ್ಲಿ ಈ ಪ್ರೋಟೀನ್ ಬೇಗ ಬೇಗ ಬದಲಾಗಿದ್ದು ಎಲ್ಲಿ ಗೊತ್ತೇ? ಬ್ಯಾಕ್ಟೀರಿಯಾದ ಕೊಕ್ಕೆ ತಾಗುವ ಜಾಗದಲ್ಲೇ. ನಾವು ಬೀಗ ಬದಲಿಸಿದ್ದೇವೆ, ಅವು ಕೀಲಿ ಬದಲಿಸಿವೆ.

ಮೂರನೆಯದು ದರೋಡೆ. ಕೆಂಪು ಕಣವನ್ನೇ ಒಡೆಯುವುದು. ಲೆಕ್ಕ ನೋಡಿ: ಒಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು, ಒಂದೊಂದರಲ್ಲೂ ನಾಲ್ಕು ಕಬ್ಬಿಣ. ಒಟ್ಟು 100 ಕೋಟಿಯ ಮೇಲೆ. ಲಕ್ಷಗಳ ಲೆಕ್ಕದಲ್ಲಿ ಬೇಕಾದ ಬ್ಯಾಕ್ಟೀರಿಯಾಗೆ ಒಂದು ಕಣ ಒಡೆದರೆ ಸಾವಿರಾರು ಮಕ್ಕಳಿಗೆ ಸಾಕಾಗುವಷ್ಟು ದಾಸ್ತಾನು.

ಈ ಕೆಲಸದಲ್ಲಿ ಪಳಗಿದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್. ಕುರು, ಕೀವಿನಿಂದ ಹಿಡಿದು ಹೃದಯದ ಕವಾಟದ ಸೋಂಕಿನವರೆಗೆ ಎಲ್ಲದಕ್ಕೂ ಕಾರಣವಾಗುವ ರೋಗಾಣು. ನಿಜ ಹೇಳಬೇಕೆಂದರೆ ಈ ಇಡೀ ಕಥೆಯಲ್ಲಿ ನನಗೆ ಅಚ್ಚುಮೆಚ್ಚು ಇದೇ. ಲ್ಯಾಬಿನಲ್ಲಿ ಕುರಿಯ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಕೀವನ್ನು ಗೀರುತ್ತೇವೆ. ತಟ್ಟೆ ದಪ್ಪ ಕೆಂಪು, ಬೆಳಕು ದಾಟುವುದಿಲ್ಲ. ಮಾರನೇ ದಿನ ತೆಗೆದರೆ ಬೆಣ್ಣೆಯಂಥ ಹೊಂಬಣ್ಣದ ಚುಕ್ಕೆಗಳು, ಒಂದೊಂದರ ಸುತ್ತಲೂ ತಿಳಿಯಾದ ಬಳೆ. ಟ್ಯೂಬ್‌ಲೈಟ್‌ಗೆ ಎತ್ತಿ ಹಿಡಿದರೆ ಆ ಬಳೆಯ ಮೂಲಕ ಬೆಳಕು ಆಚೆ ಬರುತ್ತದೆ. ಅಲ್ಲಿದ್ದ ಕೆಂಪು ಕಣಗಳು ಒಂದೂ ಉಳಿದಿಲ್ಲ. ಸ್ಟ್ಯಾಫ್ ಬಿಟ್ಟ ವಿಷ ಅವುಗಳ ಪೊರೆಗೆ ತೂತು ಕೊರೆದಿದೆ.

ಕಣ ಒಡೆದರೆ ಆಗಲಿಲ್ಲ, ಚೆಲ್ಲಿದ್ದನ್ನು ಬಾಚಿಕೊಳ್ಳಬೇಕು. ಅಲ್ಲೂ ಪೈಪೋಟಿ. ನಮ್ಮ ರಕ್ತದಲ್ಲಿ ಚೆಲ್ಲಿದ ಹಿಮೋಗ್ಲೋಬಿನ್ ಹಿಡಿಯಲು ಹ್ಯಾಪ್ಟೋಗ್ಲೋಬಿನ್ ಇದೆ, ಅದರಿಂದ ಕಳಚಿದ ಹೀಮ್ ಹಿಡಿಯಲು ಹೀಮೋಪೆಕ್ಸಿನ್ ಇದೆ. ಹೀಮ್ ಎಂದರೆ ಕಬ್ಬಿಣವನ್ನು ನಡುವಲ್ಲಿ ಕೂರಿಸಿಕೊಂಡ ಚಪ್ಪಟೆ ಅಣು, ರಕ್ತಕ್ಕೆ ಕೆಂಪು ಕೊಡುವುದು ಅದೇ. ಸ್ಟ್ಯಾಫ್‌ನ ಗೋಡೆಯ ಹೊರಮೈಯಲ್ಲಿ ಹಿಮೋಗ್ಲೋಬಿನ್ ಹಿಡಿದು ಹೀಮ್ ಕೀಳುವ ಪ್ರೋಟೀನ್‌ಗಳಿವೆ. ಕಿತ್ತ ಹೀಮ್ ಒಳಗೆ ಹೋಗುವ ಬಗೆ ಹೇಗೆ? ಮನೆಗೆ ಮೋಲ್ಡ್ ಹಾಕುವ ದಿನ ಆಳುಗಳು ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೇ, ಥೇಟ್ ಹಾಗೆ. ಗೋಡೆಯ ಹೊರಗಿನವನು ಮಧ್ಯದವನಿಗೆ, ಮಧ್ಯದವನು ಪೊರೆಯ ಬಳಿ ನಿಂತವನಿಗೆ. ಒಳಗೆ ಬಂದ ಹೀಮ್‌ನ ಉಂಗುರವನ್ನು ಎರಡು ಕಿಣ್ವಗಳು ಕತ್ತರಿಸಿ ಕಬ್ಬಿಣ ತೆಗೆಯುತ್ತವೆ. ನಮ್ಮ ಮೈ ಕೂಡ ಹಳೆಯ ಹೀಮ್ ಅನ್ನು ಕತ್ತರಿಸುತ್ತದೆ. ಪೆಟ್ಟು ಬಿದ್ದ ಜಾಗ ಮೊದಲು ಕಪ್ಪುನೀಲಿ, ಆಮೇಲೆ ಹಸಿರು, ಹಳದಿ ಆಗುವುದು ಅದೇ ಕೆಲಸದ ಬಣ್ಣ. ಸ್ಟ್ಯಾಫ್‌ನ ಈ ಸಾಲು 2003ರಲ್ಲಿ ಬಯಲಾಯಿತು.

ಹಾಗಾದರೆ ಆ ಕೈಗೇ ಬೇಡಿ ಹಾಕಬಾರದೇ? ಪ್ರಯತ್ನಪಟ್ಟರು. ಹಿಮೋಗ್ಲೋಬಿನ್ ಹಿಡಿಯುವ ಪ್ರೋಟೀನ್‌ನಿಂದ ಲಸಿಕೆ ಮಾಡಿ, ಎದೆಯ ಆಪರೇಷನ್‌ಗೆ ಸಿದ್ಧರಾದ ಸುಮಾರು 8000 ಮಂದಿಯ ಮೇಲೆ ಪರೀಕ್ಷೆ ಶುರುಮಾಡಿದರು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಲಸಿಕೆ ಅದು. ಮನುಷ್ಯರಲ್ಲಿ ಪ್ರಯೋಜನ ಕಾಣದೆ 2011ರಲ್ಲಿ ಪರೀಕ್ಷೆ ನಿಲ್ಲಿಸಬೇಕಾಯಿತು. ಆ ಪ್ರೋಟೀನ್ ಇಲಿಯ ಹಿಮೋಗ್ಲೋಬಿನ್‌ಗಿಂತ ನಮ್ಮದನ್ನು ಬಿಗಿಯಾಗಿ ಹಿಡಿಯುತ್ತದೆ ಎನ್ನುವುದು 2010ರಲ್ಲೇ ಗೊತ್ತಾಗಿತ್ತು. ಇಲಿಯನ್ನು ನೋಡಿ ಮನುಷ್ಯರ ಬಗ್ಗೆ ಹೇಳುವಾಗ ಎರಡು ಸಲ ಯೋಚಿಸಬೇಕು ಎಂದು ನಾನು ಕ್ಲಾಸಿನಲ್ಲಿ ಹೇಳುವುದು ಇದೇ ಉದಾಹರಣೆ ಇಟ್ಟುಕೊಂಡು.

ಸಿಡೆರೋಫೋರ್ ದಾರಿಯನ್ನು ತಿರುಗಿಸಿ ಹೊಡೆಯುವ ಉಪಾಯ ಮಾತ್ರ ಫಲ ಕೊಟ್ಟಿದೆ. ಸೆಫಿಡೆರೊಕಾಲ್ ಎಂಬ ಆಂಟಿಬಯೋಟಿಕ್‌ಗೆ ಸಿಡೆರೋಫೋರ್‌ನಂಥ ತೋಳು ಜೋಡಿಸಿದ್ದಾರೆ. ಬ್ಯಾಕ್ಟೀರಿಯಾ ಕಬ್ಬಿಣ ಬಂತೆಂದು ಬಾಗಿಲು ತೆಗೆದು ವಿಷವನ್ನು ಒಳಗೆ ಕರೆದುಕೊಳ್ಳುತ್ತದೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಕಬ್ಬಿಣ ಬೇಡವೇ ಬೇಡ ಎಂದ ರೋಗಾಣುವೂ ಒಂದಿದೆ. ಉಣ್ಣಿ ಹುಳ ಕಚ್ಚಿ ಬರುವ ಲೈಮ್ ಕಾಯಿಲೆಯದು. ಅದು ಕಬ್ಬಿಣದ ಜಾಗದಲ್ಲಿ ಮ್ಯಾಂಗನೀಸ್ ಬಳಸುತ್ತದೆ. ಜಗಳವೇ ಬೇಡ ಎಂದು ಊರು ಬಿಟ್ಟವನ ಹಾಗೆ.

ಇನ್ನು ನಿಮ್ಮ ರಿಪೋರ್ಟು. ಜ್ವರ ಶುರುವಾದ ಕೆಲವೇ ಗಂಟೆಗಳಲ್ಲಿ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ಮಾಡುವುದು ಒಂದೇ ಕೆಲಸ: ಕಬ್ಬಿಣದ ಉಗ್ರಾಣಗಳಿಗೆ ಬೀಗ. ಗುಲ್ಮ ಮತ್ತು ಲಿವರ್‌ನ ಕೆಲವು ಕೋಶಗಳು ದಿನವೂ ಹಳೆಯ ಕೆಂಪು ಕಣ ಒಡೆದು 20–25 ಮಿಲಿಗ್ರಾಂ ಕಬ್ಬಿಣವನ್ನು ರಕ್ತಕ್ಕೆ ವಾಪಸ್ ಕೊಡುತ್ತಿರುತ್ತವೆ. ಅದು ನಿಲ್ಲುತ್ತದೆ. ಕರುಳಿನಿಂದ ಬರುವ ದಿನದ 1–2 ಮಿಲಿಗ್ರಾಂ ಕೂಡ ತಡೆಯಾಗುತ್ತದೆ. ರಕ್ತದಲ್ಲಿ ಕಬ್ಬಿಣ ಇಳಿಯುತ್ತದೆ, ಒಳಗೆ ಫೆರಿಟಿನ್ ಏರುತ್ತದೆ. ಫೆರಿಟಿನ್ ಎಂದರೆ ಕಬ್ಬಿಣ ತುಂಬಿಡುವ ಡಬ್ಬಿ. ಸೋಂಕಿದ್ದಾಗ ದೇಹ ಡಬ್ಬಿಗಳನ್ನು ಸುಮ್ನೆ ಜಾಸ್ತಿ ಮಾಡುತ್ತದೆ. ಡಬ್ಬಿ ಜಾಸ್ತಿ ಆಯಿತೆಂದು ಒಳಗೆ ಮಾಲು ಇದೆ ಎಂದಲ್ಲ. ಹಾಗಾಗಿ ಜ್ವರದಲ್ಲಿ ಬಂದ ಫೆರಿಟಿನ್ ನೋಡಿ ‘ನನಗೆ ಕಬ್ಬಿಣ ಸಾಕಷ್ಟಿದೆ’ ಎಂದುಕೊಳ್ಳಬೇಡಿ. ನಿಮಗೆ ಸಾಲದು, ಅದರಲ್ಲಿ ಅನುಮಾನ ಇಲ್ಲ. (ಟಿಬಿ, ಟೈಫಾಯ್ಡ್ ರೋಗಾಣುಗಳು ಅಡಗುವುದು ಬೀಗ ಹಾಕಿದ ಆ ಕೋಶಗಳ ಒಳಗೇ. ಆ ರೋಗಾಣುಗಳ ಮಟ್ಟಿಗೆ ಇದು ಕಳ್ಳನನ್ನು ಉಗ್ರಾಣದೊಳಗೆ ಬಿಟ್ಟು ಬಾಗಿಲು ಹಾಕಿದಂತೆ. ಅದು ಇನ್ನೊಂದು ದೊಡ್ಡ ಕಥೆ.)

ಡ್ರಿಪ್ ಯಾಕೆ ಮುಂದೆ ಹಾಕಿದರು ಎನ್ನುವುದು ಈಗ ಹೊಳೆದಿರಬೇಕು. ಡ್ರಿಪ್‌ನಲ್ಲಿ ಒಂದೇ ಸಲ 500ರಿಂದ 1000 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ, ಅದೂ ಕರುಳಿನ ಬಾಗಿಲನ್ನು ಬಿಟ್ಟು ನೇರವಾಗಿ ರಕ್ತಕ್ಕೆ. ದೇಹ ಬೀಗ ಹಾಕುತ್ತಿರುವ ಹೊತ್ತಿನಲ್ಲಿ ನಾವು ಹಿಂದಿನ ಬಾಗಿಲಿನಿಂದ ಮೂಟೆ ಇಳಿಸಿದಂತೆ. ಸೋಂಕು ರಕ್ತಕ್ಕೆ ಹಬ್ಬಬಹುದಾದ ಜ್ವರದಲ್ಲಿ ಐರನ್ ಡ್ರಿಪ್ ಕೊಡಬಾರದು ಎನ್ನುವುದು ಸಾಮಾನ್ಯವಾಗಿ ಪಾಲಿಸುವ ನಿಯಮ.

ಕಬ್ಬಿಣ ಧಾರಾಳವಾಗಿ ಸಿಕ್ಕರೆ ಏನಾಗಬಹುದು ಎನ್ನುವುದಕ್ಕೆ ಷಿಕಾಗೋದ ಒಂದು ಘಟನೆ ಇದೆ. 2009ರಲ್ಲಿ ಅಲ್ಲಿನ ಒಬ್ಬ ಸಂಶೋಧಕರು ಪ್ಲೇಗ್ ರೋಗಾಣುವಿನಿಂದ ತೀರಿಕೊಂಡರು. ಅವರು ಬಳಸುತ್ತಿದ್ದದ್ದು ಬಲ ಕುಂದಿಸಿದ ತಳಿ. ಕಬ್ಬಿಣ ಹಿಡಿಯುವ ಜೀನ್‌ಗಳನ್ನೇ ಕಳೆದುಕೊಂಡಿದ್ದರಿಂದ ಅಪಾಯವಿಲ್ಲ ಎಂದು ನಂಬಿದ್ದ ತಳಿ. ಮರಣೋತ್ತರ ಪರೀಕ್ಷೆಯಲ್ಲಿ ಅವರ ಲಿವರ್ ತುಂಬ ಕಬ್ಬಿಣ ಕಂಡಿತು. ಕಬ್ಬಿಣ ಮೈಯಲ್ಲಿ ಶೇಖರವಾಗುತ್ತಲೇ ಹೋಗುವ ಹೀಮೋಕ್ರೊಮಟೋಸಿಸ್ ಎಂಬ ವಂಶಪಾರಂಪರ್ಯದ ಕಾಯಿಲೆ ಅವರಿಗಿತ್ತು, ಅವರಿಗೇ ಗೊತ್ತಿರಲಿಲ್ಲ. ರೋಗಾಣುವಿಗೆ ಕದಿಯುವ ಕೈ ಇರಲಿಲ್ಲ, ಕದಿಯುವ ಅಗತ್ಯವೇ ಬೀಳಲಿಲ್ಲ ಎಂದು ತನಿಖೆ ಮಾಡಿದವರು ಊಹಿಸಿದರು.

ಇದನ್ನೆಲ್ಲ ಓದಿ ಐರನ್ ಮಾತ್ರೆಯನ್ನು ಕಿಟಕಿಯಿಂದ ಎಸೆಯುವವರಿದ್ದಾರೆ, ಆ ಭಯ ನನಗಿದೆ. 1978ರಲ್ಲಿ ಕಬ್ಬಿಣದ ಕೊರತೆಯಿದ್ದ ಸೊಮಾಲಿ ಅಲೆಮಾರಿಗಳ ಮೇಲಿನ ಒಂದು ಅಧ್ಯಯನ ಬಂತು. ಕಬ್ಬಿಣ ಕೊಟ್ಟ 71 ಮಂದಿಯಲ್ಲಿ 36 ಸಲ ಸೋಂಕು ಕಾಣಿಸಿತು, ಕೊಡದ 67 ಮಂದಿಯಲ್ಲಿ 7 ಸಲ. ಇದನ್ನು ತೋರಿಸಿ ವಾದ ಮಾಡುವವರು ಮರೆಯುವುದೇನೆಂದರೆ, ಅವರಲ್ಲಿ ಎಷ್ಟೋ ಮಂದಿ ಮಲೇರಿಯಾ, ಟಿಬಿ ಮೈಯಲ್ಲಿಟ್ಟುಕೊಂಡೇ ಬಂದವರು. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಕೆಂಪು ಮಾತ್ರೆ ಇವರಿಗೆ ಬೇಕೇ ಬೇಕು. ಕಬ್ಬಿಣ ಕಡಿಮೆಯಾದರೆ ರೋಗ ನಿರೋಧಕ ಕೋಶಗಳೂ ಸೊರಗುತ್ತವೆ. 7.8ರಲ್ಲಿ ಇರುವುದು ರೋಗಾಣುವಿಗೆ ಉಪವಾಸ ಹಾಕುವ ಜಾಣತನವಲ್ಲ.

ಇನ್ನು ಅತ್ತೆಯವರ ನುಗ್ಗೆಸೊಪ್ಪು. ಧಾರಾಳವಾಗಿ ತಿನ್ನಿ. ಸೊಪ್ಪಿನ ಕಬ್ಬಿಣ ಮಾಮೂಲು ದಿನಗಳಲ್ಲೇ ಮೈಗೆ ಹತ್ತುವುದು ಸ್ವಲ್ಪ. ಜ್ವರದಲ್ಲಂತೂ ಕರುಳಿನ ಬಾಗಿಲು ಹಾಕಿರುತ್ತದೆ. ರೋಗಾಣುವಿಗೆ ಸಿಗುವುದು ಏನೂ ಇಲ್ಲ, ನಿಮಗೆ ಬಾಯಿರುಚಿಯಾದರೂ ಸಿಗಲಿ. ‘ಅತ್ತೆ, ಬೀಗ ಒಳಗಿನಿಂದ ಹಾಕಿದೆಯಂತೆ’ ಎಂದು ಹೇಳಿ ನೋಡಿ.

ಐರನ್ ಮಾತ್ರೆಯನ್ನು ಜ್ವರ ಇರುವ ಈ ಕೆಲವು ದಿನ ನಿಲ್ಲಿಸಬೇಕೋ ಬೇಡವೋ ಎನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ. ನಿಲ್ಲಿಸಿದರೂ ದೊಡ್ಡ ನಷ್ಟವಿಲ್ಲ, ಈಗ ಕರುಳು ಅದನ್ನು ಹೆಚ್ಚು ಹೀರಿಕೊಳ್ಳುವುದೂ ಇಲ್ಲ. ಆಂಟಿಬಯೋಟಿಕ್ ಕೋರ್ಸ್ ಮಾತ್ರ ಪೂರ್ತಿ ಮುಗಿಸಿ. ಜ್ವರ ಬಿಟ್ಟು, ಸೋಂಕು ಹೋಗಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಡ್ರಿಪ್‌ಗೆ ಹೊಸ ದಿನ ಕೇಳಿ, ಮರೆತು ಬಿಡಬೇಡಿ. ಫೆರಿಟಿನ್ ಮತ್ತೆ ನೋಡಬೇಕಿದ್ದರೆ ಆಗ ನೋಡಲಿ, ಜೊತೆಗೆ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಕೂಡ ಮಾಡಿಸಿದರೆ ಡಬ್ಬಿ ಎಷ್ಟು, ಮಾಲು ಎಷ್ಟು ಎಂದು ಹೇಳುವುದು ಸುಲಭ. ಮುಟ್ಟಿನಲ್ಲಿ ರಕ್ತ ಯಾಕೆ ಅಷ್ಟು ಹೋಗುತ್ತಿದೆ ಎಂದು ಸ್ತ್ರೀರೋಗ ತಜ್ಞರಿಗೆ ತೋರಿಸಿದ್ದೀರಾ? ನಿಮ್ಮ ಪತ್ರದಲ್ಲಿ ಅದು ಇರಲಿಲ್ಲ.